ನಾಲ್ಕು ಗಾಲಿ ಚಾಲನೆಯ ಟ್ರ್ಯಾಕ್ಟರ್ ಅದುರುವುದೇಕೆ? ದೋಷ ಪತ್ತೆ ಮಾಡುವ ಕ್ರಮ

ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಕೆಸರು ಮಾಡಿ ನಾಟಿ ಮುಗಿಸಲು ರೈತರಿಗೆ ಸಿಗುವ ಕಾಲಾವಕಾಶ ಬಹಳ ಕಡಿಮೆ. ಲಕ್ಕವಳ್ಳಿಯ ಜಲಾಶಯದಿಂದ ಹೊರಟ ನೀರು ಮೇಲ್ಭಾಗದ ಗದ್ದೆಗಳನ್ನು ದಾಟಿ ನಾಲೆಯ ಕೊನೆಭಾಗಕ್ಕೆ ಬರುವ ವೇಳೆಗೆ ಸಸಿಮಡಿಯಲ್ಲಿ ಸಸಿಗಳ ವಯಸ್ಸು ಏರುತ್ತಿರುತ್ತದೆ. ಮಧ್ಯಮಾವಧಿ ಭತ್ತದ ತಳಿಗಳನ್ನು 21ರಿಂದ 25 ದಿನಗಳ ಸಸಿ ಇರುವಾಗ ನಾಟಿ ಮಾಡುವುದು ಉತ್ತಮ. ಅದು ಮೀರಿದಷ್ಟೂ ತೆಂಡೆಗಳು ಕಡಿಮೆಯಾಗುತ್ತವೆ. ಆದುದರಿಂದ ಈ ದಿನಗಳಲ್ಲಿ ಟ್ರ್ಯಾಕ್ಟರ್ ನಾಲ್ಕು ದಿನ ನಿಂತಿತೆಂದರೆ ಅದು ಕೇವಲ ಯಂತ್ರದ ನಷ್ಟವಲ್ಲ, ಬೆಳೆಯ ನಷ್ಟವೂ ಹೌದು.

ಬೇಸಾಯಶಾಸ್ತ್ರದ ಅಧ್ಯಾಪಕನಾದ ನಾನು ಯಂತ್ರದ ವಿಷಯ ಬರೆಯಲು ಹೊರಟಿರುವುದಕ್ಕೆ ಕಾರಣವೂ ಇದೇ. ಒಂದು ಬೇಸಿಗೆ ಹಂಗಾಮಿನಲ್ಲಿ ಮಲೇಬೆನ್ನೂರು ಕಡೆಯ ಹಳ್ಳಿಯೊಂದಕ್ಕೆ ಸಸಿಮಡಿ ನೋಡಲು ಹೋಗಿದ್ದೆ. ಸಸಿಗೆ ಆಗಲೇ 28 ದಿನ ತುಂಬಿತ್ತು. ಗದ್ದೆಗೆ ನೀರು ಬಂದು ನಿಂತಿತ್ತು. ಬದುವಿನ ಪಕ್ಕದಲ್ಲಿ ನಾಲ್ಕು ಗಾಲಿ ಚಾಲನೆಯ ಟ್ರ್ಯಾಕ್ಟರ್ ರೋಟಾವೇಟರ್ ಸಮೇತ ಸುಮ್ಮನೆ ನಿಂತಿತ್ತು. “ಸಾರ್, ರೋಟಾವೇಟರ್ ಎತ್ತಿದ್ರೆ ಗಾಡಿ ಗಡಗಡ ಅಂತೈತಿ, ಇಳಿಸಿದ್ರೂ ನಡುಕ ನಿಲ್ಲಲ್ಲ. ಮಿಸ್ತ್ರಿ ಗೇರ್‌ಬಾಕ್ಸ್ ಬಿಚ್ಚಬೇಕು ಅಂತಾನೆ, ನಾಲ್ಕು ದಿನ ಹಿಡಿತೈತಿ” ಎಂದು ಆ ರೈತರು ಹೇಳಿದರು. ನಾನು ನನ್ನ ವಿದ್ಯೆಗೆ ತಕ್ಕಂತೆ ಮಣ್ಣಿನ ಕಡೆ ನೋಡಿದೆ. ಕಪ್ಪು ಮಣ್ಣು ಸರಿಯಾಗಿ ನೆನೆದಿಲ್ಲ, ಆಳ ಹೆಚ್ಚಾಗಿದೆ, ಅದಕ್ಕೇ ಅದುರುತ್ತಿದೆ ಎಂದೆ. ಆಳ ಕಡಿಮೆ ಮಾಡಿ ನೋಡಿದ್ದಾಯಿತು. ನಡುಕ ಹಾಗೆಯೇ ಇತ್ತು.

ಆಗ ಬದುವಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ಬಂದರು. ಅವರು ರೈತರ ಬಂಧುಗಳು, ಹರಿಹರದಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದವರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದಂದಿನಿಂದ ಹರಿಹರ ಲೇತ್ ಯಂತ್ರಗಳಿಗೆ ಹೆಸರಾದ ಊರು. ಆ ಕಾರ್ಖಾನೆ ಈಗಿಲ್ಲ, ಆದರೆ ತಿರುಗುವ ಲೋಹದ ಸದ್ದನ್ನು ಕಿವಿಯಲ್ಲೇ ಅಳೆಯಬಲ್ಲ ಜನ ಆ ಊರಿನಲ್ಲಿ ಇನ್ನೂ ಇದ್ದಾರೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಈ ಶಾಫ್ಟನ್ನು ಕೊನೇ ಸಲ ಬಿಚ್ಚಿ ಹಾಕಿದ್ದು ಯಾವಾಗ?” ಎಂಟು ದಿನದ ಹಿಂದೆ ಗ್ರೀಸು ಹಚ್ಚಲು ಎಳೆದು ಮತ್ತೆ ಸೇರಿಸಲಾಗಿತ್ತು. ದೋಷ ಇದ್ದುದು ಅಲ್ಲಿ. ಅದೇನೆಂಬುದನ್ನು ಮುಂದೆ ಹೇಳುತ್ತೇನೆ. ಅಂದಿನಿಂದ ನಾನು ಅವರ ಬಳಿಯೂ ನಮ್ಮ ಕೃಷಿ ಇಂಜಿನಿಯರ್ ಮಿತ್ರರ ಬಳಿಯೂ ಕೇಳಿ ಕಲಿತು, ಹಲವು ಟ್ರ್ಯಾಕ್ಟರುಗಳ ಮೇಲೆ ಪರೀಕ್ಷಿಸಿ ನೋಡಿದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ನಡುಕ ಯಾವುದನ್ನು ಹಿಂಬಾಲಿಸುತ್ತದೆ?

ಟ್ರ್ಯಾಕ್ಟರಿನಲ್ಲಿ ಶಕ್ತಿ ಇಂಜಿನ್ನಿನಿಂದ ಹೊರಟು ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ದಾಟಿ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ನಾಲ್ಕು ಗಾಲಿ ಚಾಲನೆಯದಾದರೆ ಗೇರ್‌ಬಾಕ್ಸಿನ ಕೆಳಗಿನಿಂದ ಒಂದು ಉದ್ದನೆಯ ಶಾಫ್ಟ್ ಮುಂದಿನ ಆಕ್ಸಲ್‌ಗೆ ಹೋಗುತ್ತದೆ. ಹಿಂದೆ ಪಿ.ಟಿ.ಓ. ಮೂಲಕ ರೋಟಾವೇಟರ್‌ಗೆ ಮತ್ತೊಂದು ಶಾಫ್ಟ್. ಈ ಭಾಗಗಳೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲ ಎಂಬುದೇ ನಮಗೆ ಸಿಗುವ ದೊಡ್ಡ ಸುಳಿವು. ಪ್ರತಿ ಭಾಗದ ದೋಷವೂ ಆ ಭಾಗ ತಿರುಗುವ ವೇಗಕ್ಕೆ ತಕ್ಕಂತೆ ಅದುರುತ್ತದೆ. ಆದ್ದರಿಂದ “ಎಲ್ಲಿ ಅದುರುತ್ತಿದೆ” ಎಂದು ಹುಡುಕುವುದಕ್ಕಿಂತ “ಯಾವುದರ ವೇಗ ಹೆಚ್ಚಿಸಿದರೆ ಇದೂ ಹೆಚ್ಚುತ್ತದೆ” ಎಂದು ನೋಡಬೇಕು. ನಡುಕ ಹುಟ್ಟುವ ಜಾಗ ಒಂದು, ಅದು ಕೈಗೆ ತಿಳಿಯುವ ಜಾಗ ಇನ್ನೊಂದು. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಇಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್ ಇವೇ ಒಂದಕ್ಕೊಂದು ಬೋಲ್ಟಾಗಿ ಗಾಡಿಯ ಬೆನ್ನೆಲುಬಾಗಿರುತ್ತವೆ, ಜೀಪಿನಲ್ಲಿರುವಂತೆ ನಡುವೆ ರಬ್ಬರ್ ಇರುವುದಿಲ್ಲ. ಹಿಂದಿನ ಶಾಫ್ಟಿನ ದೋಷ ಸ್ಟೇರಿಂಗಿನಲ್ಲಿ ತಿಳಿಯಬಹುದು. ಹೀಗಾಗಿಯೇ ಎಷ್ಟೋ ಸಲ ತಪ್ಪಿಲ್ಲದ ಗೇರ್‌ಬಾಕ್ಸ್ ಬಿಚ್ಚಿಸಿಕೊಳ್ಳುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಹಿಂದಿನ ಟೈರಿನ ಸುತ್ತಳತೆ 4 ಮೀಟರ್, ಮುಂದಿನದು 2.5 ಮೀಟರ್ ಎಂದಿಟ್ಟುಕೊಳ್ಳಿ. (ತಮ್ಮ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ಅಳೆಯಬಹುದು.) ಗಾಡಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವಾಗ ಹಿಂದಿನ ಗಾಲಿ ನಿಮಿಷಕ್ಕೆ 83 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು ಒಂದೂವರೆ ಸುತ್ತು ಮಾತ್ರ ತಿರುಗುತ್ತದೆ. ಮುಂದಿನದು ಸೆಕೆಂಡಿಗೆ 2ಕ್ಕಿಂತ ತುಸು ಹೆಚ್ಚು. ಇವನ್ನು ಬಾಯಲ್ಲಿ ಎಣಿಸಬಹುದು. ಪಿ.ಟಿ.ಓ. ನಿಮಿಷಕ್ಕೆ 540 ಸುತ್ತಾದರೆ ಸೆಕೆಂಡಿಗೆ 9 ಆಗುತ್ತದೆ. ಇದು ಎಣಿಕೆಗೆ ಸಿಗದು, ಆದರೆ ಗಡಗಡ ಎಂದು ಬಿಡಿಬಿಡಿಯಾಗಿ ಕೇಳಿಸುತ್ತದೆ. ಮೂರು ಸಿಲಿಂಡರಿನ ಇಂಜಿನ್ 1800 ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ 45 ಸಲ ಉರಿಯುತ್ತದೆ. ಇದು ಕೈಕಾಲಿಗೆ ಜುಂ ಎನ್ನುವ ಒಂದೇ ಧಾರೆಯಾಗಿ ತಿಳಿಯುತ್ತದೆ. ಎಣಿಸಲು ಸಿಗುವ ಕುಲುಕಾಟವಿದ್ದರೆ ಗಾಲಿಯ ಕಡೆಗೆ, ಗಡಗಡ ಇದ್ದರೆ ಶಾಫ್ಟಿನ ಕಡೆಗೆ, ಜುಂ ಎನ್ನುತ್ತಿದ್ದರೆ ಇಂಜಿನ್ ಕಡೆಗೆ ಮೊದಲು ನೋಡತಕ್ಕದ್ದು. ಡಾಂಬರು ರಸ್ತೆಯಲ್ಲಿ ಟೈರಿನ ಉಬ್ಬು ಪಟ್ಟಿಗಳೂ ಒಂದು ಬಗೆಯ ಗುಂಯ್‌ಗುಡುವಿಕೆ ಕೊಡುತ್ತವೆ. ಅದು ಹೊಸ ಟೈರಿನ ಸಹಜ ಗುಣ, ಮಣ್ಣಿನ ದಾರಿಗೆ ಇಳಿದೊಡನೆ ನಿಂತುಹೋಗುತ್ತದೆ.

ಒಂದು ಬಾರಿಗೆ ಒಂದನ್ನೇ ಬದಲಿಸಿ

ಪರೀಕ್ಷೆಯನ್ನು ನಿಂತಲ್ಲಿಯೇ ಆರಂಭಿಸಬೇಕು. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಬ್ರೇಕ್ ಹಾಕಿ, ಗಾಲಿಗಳಿಗೆ ಕಲ್ಲು ಕೊಟ್ಟು, ಗೇರು ಮತ್ತು ಪಿ.ಟಿ.ಓ. ಎರಡನ್ನೂ ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ವೇಗವನ್ನು ನಿಧಾನವಾಗಿ ಏರಿಸಿರಿ. ಇಲ್ಲಿಯೇ ನಡುಕ ಬಂದರೆ ಗಾಲಿ, ಆಕ್ಸಲ್, ರೋಟಾವೇಟರ್ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ. ಈಗ ಕ್ಲಚ್ ಪೆಡಲ್ ಪೂರ್ತಿ ಒತ್ತಿ ಹಿಡಿಯಿರಿ. ನಡುಕ ಕಡಿಮೆಯಾದರೆ ಕ್ಲಚ್ ಪ್ಲೇಟ್ ಅಥವಾ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಹಾಗೆಯೇ ಉಳಿದರೆ ಇಂಜಿನ್ನಿನದೇ ದೋಷ. ಬಹಳ ಸಲ ಇದು ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಬರುವ ಕುಂಟು ಓಟವಾಗಿರುತ್ತದೆ. ಡೀಸೆಲ್‌ನಲ್ಲಿ ನೀರು ಸೇರಿರುವುದು, ಫಿಲ್ಟರ್ ಕಟ್ಟಿರುವುದು, ಇಂಜೆಕ್ಟರ್ ಹನಿ ಹಾಕುವುದು ಸಾಮಾನ್ಯ ಕಾರಣಗಳು. ಫಿಲ್ಟರಿನ ಕೆಳಗಿನ ನೀರನ್ನು ರೈತರೇ ಬಿಡಬಹುದು. ಇಂಜೆಕ್ಟರ್ ಪೈಪುಗಳನ್ನು ಮಾತ್ರ ತಾವೇ ಸಡಿಲಿಸಲು ಹೋಗಬಾರದು. ಅಲ್ಲಿಂದ ಚಿಮ್ಮುವ ಡೀಸೆಲ್‌ನ ಒತ್ತಡ ಚರ್ಮವನ್ನು ತೂರಿ ಒಳಗೆ ಹೋಗುವಷ್ಟು ಇರುತ್ತದೆ.

ಹೊರಡುವಾಗ ಮಾತ್ರ ಎರಡು ಮೂರು ಸಲ ಜರ್ಕು ಹೊಡೆದು, ಕ್ಲಚ್ ಪೂರ್ತಿ ಬಿಟ್ಟ ಮೇಲೆ ಸುಮ್ಮನಾಗುವುದಾದರೆ ಕ್ಲಚ್ ಪ್ಲೇಟಿಗೆ ಎಣ್ಣೆ ತಗುಲಿರಬಹುದು ಅಥವಾ ಪ್ಲೇಟ್ ಸೊಟ್ಟಾಗಿರಬಹುದು. ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ.

ಮುಂದಿನ ಹಂತ ರಸ್ತೆ. ರೋಟಾವೇಟರ್ ಕಳಚಿ, ಮುಂದಿನ ಚಾಲನೆಯ ಲಿವರ್ ತೆಗೆದು, ಜನಸಂಚಾರವಿಲ್ಲದ ಸಮತಟ್ಟಾದ ದಾರಿಯಲ್ಲಿ ಗಾಡಿ ಓಡಿಸಿರಿ. ಹೆದ್ದಾರಿಯಲ್ಲಿ ಈ ಪರೀಕ್ಷೆ ಬೇಡ. ನಡುಕ ಬರುವ ವೇಗವನ್ನು ಗುರುತಿಸಿಕೊಂಡು, ಅದೇ ವೇಗವನ್ನು ಒಂದು ಗೇರು ಕೆಳಗೆ ಹಾಕಿ ಮತ್ತೆ ಮುಟ್ಟಬೇಕು. ಈಗ ಗಾಡಿಯ ವೇಗ ಅಷ್ಟೇ, ಇಂಜಿನ್ನಿನ ವೇಗ ಮಾತ್ರ ಹೆಚ್ಚು. ನಡುಕ ಹಿಂದಿನಂತೆಯೇ ಇದ್ದರೆ ದೋಷ ಗೇರ್‌ಬಾಕ್ಸಿನ ಆಚೆಗೆ, ಅಂದರೆ ಗಾಲಿ, ಆಕ್ಸಲ್ ಅಥವಾ ಮುಂದಿನ ಶಾಫ್ಟಿನಲ್ಲಿದೆ. ಇಂಜಿನ್ನಿನ ಜೊತೆ ಏರಿದರೆ ದೋಷ ಗೇರ್‌ಬಾಕ್ಸಿನ ಈಚೆಗಿದೆ. ಒಂದೇ ಒಂದು ಗೇರಿನಲ್ಲಿ ಮಾತ್ರ ಸದ್ದು, ನಡುಕ ಬಂದು ಉಳಿದ ಗೇರುಗಳಲ್ಲಿ ಇಲ್ಲವಾದರೆ ಆಗ ಗೇರ್‌ಬಾಕ್ಸ್ ಬಿಚ್ಚುವ ಮಾತಿಗೆ ಅರ್ಥವಿದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಉರುಳಿಸಿ ನೋಡುವ ಅಭ್ಯಾಸ ಕೆಲವು ಡ್ರೈವರುಗಳಲ್ಲಿದೆ. ಟ್ರ್ಯಾಕ್ಟರಿನಲ್ಲಿ, ಅದರಲ್ಲೂ ಟ್ರೇಲರ್ ಹಿಂದಿದ್ದಾಗ, ಇದನ್ನು ಎಂದಿಗೂ ಮಾಡಬಾರದು.

ಪಿ.ಟಿ.ಓ. ಶಾಫ್ಟಿನ ಕಥೆ

ನಮ್ಮ ಭಾಗದ ಗದ್ದೆಗಳಲ್ಲಿ ನಾನು ಕಂಡ ಹೆಚ್ಚಿನ ದೋಷಗಳು ಈ ಶಾಫ್ಟಿನಲ್ಲಿಯೇ ಇದ್ದವು. ಆದುದರಿಂದ ಇದನ್ನು ತುಸು ವಿವರವಾಗಿ ನೋಡುವುದು ಒಳ್ಳೆಯದು.

ಶಾಫ್ಟಿನ ಎರಡೂ ತುದಿಗಳಲ್ಲಿ ಕ್ರಾಸ್ ಇರುವ ಕೀಲುಗಳಿರುತ್ತವೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 17ನೇ ಶತಮಾನದಲ್ಲಿ ವಿವರಿಸಿದ ಕೀಲು ಇದು. ಎರಡು ಶಾಫ್ಟುಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೂ ತಿರುಗುವಿಕೆಯನ್ನು ದಾಟಿಸುತ್ತದೆ. ಆದರೆ ಇದಕ್ಕೊಂದು ದುರ್ಗುಣವಿದೆ. ಕೀಲು ಬಾಗಿದ್ದಾಗ ಈಚಿನ ಶಾಫ್ಟ್ ಒಂದೇ ಸಮನೆ ತಿರುಗಿದರೂ ಆಚಿನದು ಹಾಗೆ ತಿರುಗದು. ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದಕ್ಕೆ ಓಡಿ ಎರಡು ಸಲ ಹಿಂದೆ ಬೀಳುತ್ತದೆ. ಬಾಗು 15 ಡಿಗ್ರಿ ಇದ್ದರೆ 540 ಸುತ್ತಿನ ವೇಗ 522ರಿಂದ 559ರವರೆಗೆ ಹೊಯ್ದಾಡುತ್ತದೆ. 30 ಡಿಗ್ರಿ ಆದರೆ 468ರಿಂದ 624ರವರೆಗೆ. ಸೆಕೆಂಡಿಗೆ 18 ಸಲ ಹೀಗೆ ಎಳೆದಾಟ ನಡೆದರೆ ಕ್ರಾಸ್ ಬೇರಿಂಗ್ ಎಷ್ಟು ದಿನ ತಾಳೀತು?

ಈ ದುರ್ಗುಣವನ್ನು ಅಳಿಸುವುದಕ್ಕೆಂದೇ ಇನ್ನೊಂದು ತುದಿಯಲ್ಲಿ ಎರಡನೆಯ ಕೀಲು ಇದೆ. ಮೊದಲನೆಯದು ಮುಂದೆ ಓಡಿಸಿದಾಗ ಎರಡನೆಯದು ಅಷ್ಟೇ ಹಿಂದೆ ಎಳೆದು ಸಮ ಮಾಡುತ್ತದೆ. ಇದಕ್ಕೆ ಎರಡು ಷರತ್ತು. ಮೊದಲನೆಯದು, ಎರಡೂ ಕೀಲುಗಳ ಬಾಗು ಒಂದೇ ಆಗಿರಬೇಕು. ಅಂದರೆ ಟ್ರ್ಯಾಕ್ಟರಿನ ಪಿ.ಟಿ.ಓ. ದಂಡವೂ ರೋಟಾವೇಟರಿನ ಗೇರ್‌ಬಾಕ್ಸ್ ದಂಡವೂ ಪಕ್ಕದಿಂದ ನೋಡಿದಾಗ ಸಮಾನಾಂತರವಾಗಿರಬೇಕು. ಟಾಪ್ ಲಿಂಕನ್ನು ಬೇಕಾಬಿಟ್ಟಿ ಗಿಡ್ಡ ಮಾಡಿದಾಗ ಇದು ತಪ್ಪುತ್ತದೆ. ಎರಡನೆಯದು, ಶಾಫ್ಟಿನ ನಡುಭಾಗದ ಎರಡು ತುದಿಗಳಲ್ಲಿರುವ ಕವಲುಗಳು, ಅಂದರೆ ಒಳಗಿನ ಯೋಕ್‌ಗಳು, ಒಂದೇ ಸಾಲಿನಲ್ಲಿರಬೇಕು. ಶಾಫ್ಟನ್ನು ನೆಲದ ಮೇಲೆ ಮಲಗಿಸಿದಾಗ ಒಂದು ಕವಲು ಮಲಗಿದ್ದರೆ ಇನ್ನೊಂದೂ ಮಲಗಿರಬೇಕು.

ಚೌಕ ಸರಳಿನ ಶಾಫ್ಟುಗಳನ್ನು ಎಳೆದು ಮತ್ತೆ ಸೇರಿಸುವಾಗ ನಾಲ್ಕು ರೀತಿಯಲ್ಲಿ ಕೂರಿಸಬಹುದು, ಅವುಗಳಲ್ಲಿ ಎರಡು ತಪ್ಪು. ಕಾಲು ಸುತ್ತು ತಪ್ಪಿ ಕೂತರೆ ಎರಡನೆಯ ಕೀಲು ಹೊಯ್ದಾಟವನ್ನು ಅಳಿಸುವ ಬದಲು ಇಮ್ಮಡಿ ಮಾಡುತ್ತದೆ. 15 ಡಿಗ್ರಿಗೆ 504ರಿಂದ 579. ಹೊಲದ ತುದಿಯಲ್ಲಿ ರೋಟಾವೇಟರ್ ಎತ್ತಿ ಬಾಗು 30 ಡಿಗ್ರಿ ಆಯಿತೆಂದರೆ 405ರಿಂದ 720! ಮಲೇಬೆನ್ನೂರು ಕಡೆಯ ಆ ಗಾಡಿಗೆ ಆಗಿದ್ದುದು ಇದೇ. ಎಂಟು ದಿನ ಹೀಗೆ ಓಡಿದ್ದರಿಂದ ಹಿಂದಿನ ಕ್ರಾಸ್ ಬೇರಿಂಗ್ ಸಹ ಸವೆದಿತ್ತು. ಶಾಫ್ಟ್ ಎಳೆದು ಕಾಲು ಸುತ್ತು ತಿರುಗಿಸಿ ಸೇರಿಸಲು ಹಿಡಿದದ್ದು ಹತ್ತು ನಿಮಿಷ. ಹರಿಹರದಿಂದ ಹೊಸ ಕ್ರಾಸ್ ತರಿಸಿ ಕೂರಿಸುವಷ್ಟರಲ್ಲಿ ಸಂಜೆಯಾಯಿತು. ಗೇರ್‌ಬಾಕ್ಸಿನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ.

ಶಾಫ್ಟ್ ಪರೀಕ್ಷಿಸುವ ಮುನ್ನ ಇಂಜಿನ್ ನಿಲ್ಲಿಸಿ ಕೀಲಿಕೈ ಜೇಬಿಗೆ ಹಾಕಿಕೊಳ್ಳತಕ್ಕದ್ದು. ರೋಟಾವೇಟರ್ ನೆಲಕ್ಕಿಳಿದಿರಬೇಕು. ಯೋಕನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿರಿ. ಕ್ರಾಸಿನಲ್ಲಿ ಕೈಗೆ ತಿಳಿಯುವ ಆಟ ಇದ್ದರೆ ಅದು ದೋಷವೇ ಸರಿ. ಒಂದರೊಳಗೊಂದು ಜಾರುವ ಕೊಳವೆಗಳಲ್ಲಿ ಮಾತ್ರ ಸ್ವಲ್ಪ ತಿರುಗಾಟ ಸಹಜ. ಕಪ್‌ಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸು ಒಣಗಿ ಸೂಜಿ ಬೇರಿಂಗ್‌ಗಳು ಪುಡಿಯಾಗುತ್ತಿವೆ ಎಂದು ತಿಳಿಯಬೇಕು. ಕೊಳವೆ ಬಾಗಿದೆಯೇ ಎಂದು ನೋಡಲು ಪಿ.ಟಿ.ಓ. ನ್ಯೂಟ್ರಲ್ ಮಾಡಿ, ಪಕ್ಕದಲ್ಲಿ ಒಂದು ಮೊಳೆಯನ್ನು ಅಲ್ಲಾಡದಂತೆ ನಿಲ್ಲಿಸಿ, ಶಾಫ್ಟನ್ನು ಕೈಯಿಂದ ತಿರುಗಿಸಿರಿ. ಮೊಳೆ ಮತ್ತು ಕೊಳವೆಯ ನಡುವಿನ ಸಂದು ಒಂದೆರಡು ಮಿ.ಮೀ.ಗಿಂತ ಹೆಚ್ಚು ಬದಲಾದರೆ ಶಾಫ್ಟ್ ಬಾಗಿದೆ. ಬಾಗಿದ್ದನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡಿಸುವುದಕ್ಕಿಂತ ಹೊಸದು ಹಾಕುವುದೇ ಲಾಭ. ಯೋಕ್ ಮುರಿದು ವೆಲ್ಡಿಂಗ್ ಮಾಡಿಸಬೇಕಾಗಿ ಬಂದರೆ, ಕವಲುಗಳನ್ನು ಒಂದೇ ಸಾಲಿಗೆ ತಂದು ಲೇತ್ ಮೇಲೆ ಹಿಡಿದು ನೋಡುವ ಕಡೆಯಲ್ಲಿಯೇ ಮಾಡಿಸಬೇಕು. ರಸ್ತೆ ಬದಿಯಲ್ಲಿ ಕಣ್ಣಂದಾಜಿನಲ್ಲಿ ಮಾಡಿದ ವೆಲ್ಡಿಂಗ್ ಹೊಸ ನಡುಕವನ್ನು ಹುಟ್ಟಿಸುತ್ತದೆ.

ಕೆಸರು ಗದ್ದೆಯಲ್ಲಿ ಕೆಲಸ ಮಾಡುವ ಶಾಫ್ಟಿನ ಕ್ರಾಸ್‌ಗಳಿಗೆ ಪ್ರತಿ 8 ಗಂಟೆಗಳ ಕೆಲಸಕ್ಕೊಮ್ಮೆ ಗ್ರೀಸು ಕೊಡಬೇಕು. ಬೆಳಗ್ಗೆ ಕೊಡುವುದಕ್ಕಿಂತ ಸಂಜೆ ಕೆಲಸ ನಿಂತೊಡನೆ ಬಿಸಿ ಇರುವಾಗಲೇ ಕೊಟ್ಟರೆ ಒಳಗಿನ ಕೆಸರು ನೀರು ಹೊರಗೆ ಬರುತ್ತದೆ. ರೋಟಾವೇಟರ್ ಎತ್ತುವಾಗ ಪಿ.ಟಿ.ಓ. ಬಿಡಿಸುವುದನ್ನು ಡ್ರೈವರಿಗೆ ಅಭ್ಯಾಸ ಮಾಡಿಸಬೇಕು. ಎಕರೆಯ ಲೆಕ್ಕದಲ್ಲಿ ಬಾಡಿಗೆಗೆ ಓಡುವ ಗಾಡಿಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲ ಎಂಬುದು ನನಗೆ ಗೊತ್ತಿದೆ. ಕಡೆಯ ಪಕ್ಷ ಇಂಜಿನ್ ವೇಗ ತಗ್ಗಿಸಿ, ಬ್ಲೇಡು ನೆಲ ಬಿಡುವಷ್ಟೇ ಎತ್ತಲಿ.

ಶಾಫ್ಟ್ ಸರಿಯಿದ್ದೂ ರೋಟಾವೇಟರ್ ಅದುರುತ್ತಿದ್ದರೆ ಬ್ಲೇಡುಗಳನ್ನು ಎಣಿಸಿರಿ. ಒಂದು ಕಡೆ ಎರಡು ಬ್ಲೇಡು ಮುರಿದಿದ್ದರೂ, ಹಳೆಯದರ ನಡುವೆ ನಾಲ್ಕು ಹೊಸವನ್ನು ಒಂದೇ ಪಕ್ಕಕ್ಕೆ ಹಾಕಿದ್ದರೂ ರೋಟರ್ ತೂಕ ತಪ್ಪುತ್ತದೆ. ಹಿಂದಿನ ಬೆಳೆಯ ಹುಲ್ಲು ರೋಟರಿನ ತುದಿಯ ಬೇರಿಂಗಿಗೆ ಸುತ್ತಿಕೊಂಡು ಸೀಲು ಹರಿಯುವುದೂ ಉಂಟು. ಮುರಿಯಲೆಂದೇ ಇಟ್ಟಿರುವ ಮೆದು ಬೋಲ್ಟ್ ಪದೇ ಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟ್ ಹಾಕುವವರಿದ್ದಾರೆ. ಆಮೇಲೆ ಮುರಿಯುವುದು ಗೇರು.

ಮುಂದಿನ ಆಕ್ಸಲ್ ಮತ್ತು ಟೈರುಗಳ ಜಗಳ

ಈಗ ಮುಂದಿನ ಚಾಲನೆಯ ಲಿವರ್ ಹಾಕಿದಾಗ ಮಾತ್ರ ಬರುವ ನಡುಕವನ್ನು ನೋಡೋಣ. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಲಿವರ್ ಹಾಕಿದೊಡನೆ ಎರಡೂ ಗೇರುಗಳಿಂದ ಬಿಗಿಯಾಗಿ ಕಟ್ಟಲ್ಪಡುತ್ತವೆ. ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಶೇಕಡಾ 1ರಿಂದ 5ರಷ್ಟು ಮುಂದೆ ಎಳೆಯುವಂತೆ ತಯಾರಕರು ಲೆಕ್ಕ ಹಾಕಿರುತ್ತಾರೆ. ಕೆಸರಿನಲ್ಲಿ ಈ ವ್ಯತ್ಯಾಸ ಜಾರಿಕೆಯಲ್ಲಿ ಕರಗಿಹೋಗುತ್ತದೆ. ಡಾಂಬರಿನ ಮೇಲೆ ಕರಗುವುದಿಲ್ಲ. ಶಾಫ್ಟಿನಲ್ಲಿ ತಿರುಚು ಸೇರುತ್ತಾ ಹೋಗಿ, ಟೈರು ಒಮ್ಮೆ ಕಿರ್ ಎಂದು ಜಾರಿ ಬಿಡುಗಡೆಯಾಗಿ, ಮತ್ತೆ ತಿರುಚಿಕೊಳ್ಳುತ್ತದೆ. ತಿರುವಿನಲ್ಲಿ ಇದು ಇನ್ನೂ ಹೆಚ್ಚು. ಗದ್ದೆಯಿಂದ ಲಿವರ್ ತೆಗೆಯದೆಯೇ ದಾವಣಗೆರೆಯವರೆಗೆ ಟ್ರೇಲರ್ ಎಳೆದು ತರುವ ಗಾಡಿಗಳನ್ನು ನೋಡಿದ್ದೇನೆ. ಲಿವರ್ ಬಿಗಿಯಾಗಿ ಹೊರಬರದೆ ಇದ್ದರೆ ತಿರುಚು ಸೇರಿದೆಯೆಂದೇ ಅರ್ಥ. ಸುತ್ತಿಗೆ ಹಿಡಿಯಬೇಡಿ, ಒಂದಷ್ಟು ದೂರ ಹಿಂದಕ್ಕೆ ಓಡಿಸಿದರೆ ಸಡಿಲಾಗುತ್ತದೆ.

ಸವೆದ ಮುಂದಿನ ಟೈರಿಗೆ ಹೊಸ ಹಿಂದಿನ ಟೈರು ಜೋಡಿಸಿದಾಗ, ಅಥವಾ ಸಿಕ್ಕಿತೆಂದು ಬೇರೆ ಅಳತೆಯ ಟೈರು ಹಾಕಿದಾಗ, ತಯಾರಕರ ಲೆಕ್ಕ ತಪ್ಪುತ್ತದೆ. ಇದನ್ನು ರೈತರೇ ಅಳೆಯಬಹುದು. ಮುಂದಿನ ಮತ್ತು ಹಿಂದಿನ ಟೈರಿಗೆ ಒಂದೊಂದು ಗುರುತು ಹಾಕಿರಿ. ಲಿವರ್ ತೆಗೆದು ಗಟ್ಟಿ ನೆಲದಲ್ಲಿ ನಿಧಾನವಾಗಿ ಓಡಿಸಿ, ಹಿಂದಿನ ಗಾಲಿ 10 ಸುತ್ತು ತಿರುಗುವಷ್ಟರಲ್ಲಿ ಮುಂದಿನದು ಎಷ್ಟು ತಿರುಗಿತೆಂದು ಇಬ್ಬರು ದೂರ ನಿಂತು ಎಣಿಸಲಿ. ಅನಂತರ ಸಡಿಲ ಮಣ್ಣಿನಲ್ಲಿ ಲಿವರ್ ಹಾಕಿ ಹಾಗೆಯೇ ಎಣಿಸಬೇಕು. ಮೊದಲನೆಯದು 16 ಸುತ್ತು, ಎರಡನೆಯದು 16.5 ಸುತ್ತು ಬಂದರೆ ಮುಂದಿನ ಗಾಲಿಯ ಮುನ್ನಡೆ ಶೇಕಡಾ 3. ಇದು ಸರಿಯಿದೆ. ಶೇಕಡಾ 5ನ್ನು ಮೀರಿದರೆ ಅಥವಾ ಎರಡನೆಯ ಎಣಿಕೆ ಮೊದಲನೆಯದಕ್ಕಿಂತ ಕಡಿಮೆ ಬಂದರೆ ಟೈರು ಬದಲಿಸುವವರೆಗೂ ಆಕ್ಸಲ್ ರಿಪೇರಿಗೆ ಹಣ ಹಾಕುವುದು ವ್ಯರ್ಥ. ಗಾಳಿಯ ಒತ್ತಡವೂ ಇದನ್ನೇ ಬದಲಿಸುತ್ತದೆ, ಆದ್ದರಿಂದ ಎಣಿಸುವ ಮುನ್ನ ನಾಲ್ಕೂ ಟೈರುಗಳ ಗಾಳಿಯನ್ನು ಕೈಪಿಡಿಯಲ್ಲಿ ಹೇಳಿದ ಮಟ್ಟಕ್ಕೆ ತರಬೇಕು. ಒಣ ಕಪ್ಪು ಮಣ್ಣಿನಲ್ಲಿ ಭಾರದ ನೇಗಿಲು ಎಳೆಯುವಾಗ ಗಾಡಿಯ ಮೂತಿ ಕುದುರೆಯಂತೆ ಕುಣಿಯುವುದಕ್ಕೂ ಬಹುಮಟ್ಟಿಗೆ ಗಾಳಿ ಮತ್ತು ತೂಕದ ಹೊಂದಾಣಿಕೆ ತಪ್ಪಿರುವುದೇ ಕಾರಣ.

ಇಲ್ಲಿ ಒಂದು ಎಚ್ಚರಿಕೆ. ಲಿವರ್ ತೆಗೆದ ಮಾತ್ರಕ್ಕೆ ಮುಂದಿನ ಶಾಫ್ಟ್ ನಿಲ್ಲುವುದಿಲ್ಲ. ಉರುಳುವ ಮುಂದಿನ ಗಾಲಿಗಳೇ ಅದನ್ನು ತಿರುಗಿಸುತ್ತಿರುತ್ತವೆ, ಅದೂ ಗಾಲಿಗಿಂತ ಹಲವು ಪಟ್ಟು ಬೇಗ. ಆದುದರಿಂದ ಲಿವರ್ ಹಾಕಿದರೂ ತೆಗೆದರೂ ರಸ್ತೆಯ ವೇಗದ ಜೊತೆ ಏರುವ ಸಣ್ಣ ನಡುಕವಿದ್ದರೆ ಆ ಶಾಫ್ಟ್ ಬಾಗಿರುವ ಸಾಧ್ಯತೆ ಇದೆ. ಬದು ಹತ್ತಿಸುವಾಗ ಕಲ್ಲು ತಗುಲಿ ಬಾಗುವುದು ಸಾಮಾನ್ಯ. ಅದರ ಮೇಲಿನ ಹೊದಿಕೆ ತೆಗೆದು ನೋಡದೆ ಇದು ಗೊತ್ತಾಗುವುದಿಲ್ಲ. ಹಾಗೆಯೇ ಯಾವ ಪರೀಕ್ಷೆಗೂ ಮುನ್ನ ರಿಮ್ಮುಗಳ ಒಳಬದಿಯ ಒಣಗಿದ ಕೆಸರನ್ನು ತೊಳೆಯಿರಿ. ನಾಲೆಯ ನೀರಿನಲ್ಲಿ ತೊಳೆದೊಡನೆ ಅರ್ಧ ನಡುಕ ಮಾಯವಾದ ಗಾಡಿಯೂ ಒಂದಿತ್ತು.

ಆಟೋಮ್ಯಾಟಿಕ್ ಗೇರಿನ ಡೀಸೆಲ್ ಜೀಪು, ಕಾರುಗಳಲ್ಲಿ

ಅಡಿಕೆ, ಮೆಕ್ಕೆಜೋಳ ಬೆಳೆಯುವ ನಮ್ಮ ಕೆಲವು ರೈತರು ಈಗ ನಾಲ್ಕು ಗಾಲಿ ಚಾಲನೆಯ, ಆಟೋಮ್ಯಾಟಿಕ್ ಗೇರಿನ ಡೀಸೆಲ್ ವಾಹನಗಳನ್ನು ಇಟ್ಟುಕೊಂಡಿದ್ದಾರೆ. ಅವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ನಿಂತಲ್ಲಿ ಅದುರಿದರೆ ಇಂಜಿನ್ ಅಥವಾ ಅದರ ರಬ್ಬರ್ ಮೌಂಟಿಂಗ್. ಹೆದ್ದಾರಿಯ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಮೊದಲು ಮುಂದಿನ ಗಾಲಿಗಳ ಬ್ಯಾಲೆನ್ಸ್. ಸೀಟು ಮತ್ತು ನೆಲ ನಡುಗಿದರೆ ಹಿಂದಿನ ಗಾಲಿ ಅಥವಾ ಪ್ರೊಪೆಲ್ಲರ್ ಶಾಫ್ಟ್. ಗಾಡಿಯ ಎತ್ತರ ಹೆಚ್ಚಿಸಲು ಸ್ಪ್ರಿಂಗ್ ಬದಲಿಸಿದವರಿಗೆ ಶಾಫ್ಟಿನ ಬಾಗು ಬದಲಾಗಿರುತ್ತದೆ. ಮೇಲೆ ಹೇಳಿದ 15 ಡಿಗ್ರಿ, 30 ಡಿಗ್ರಿಯ ಲೆಕ್ಕವನ್ನು ನೆನಪಿಸಿಕೊಳ್ಳಬಹುದು.

ಇವುಗಳಲ್ಲಿ ಹೆಚ್ಚಿನದಾಗಿ ಬರುವ ಒಂದು ದೋಷ ಮಾತ್ರ ಟ್ರ್ಯಾಕ್ಟರಿನಲ್ಲಿ ಕಾಣದು. ಈ ಬಗೆಯ ಗೇರ್‌ಬಾಕ್ಸಿನಲ್ಲಿ ಕ್ಲಚ್ ಪ್ಲೇಟಿನ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಎಣ್ಣೆಯಲ್ಲಿ ಮುಳುಗಿದ ಎರಡು ಫ್ಯಾನುಗಳು ಎದುರುಬದುರಾಗಿ ತಿರುಗುವಂತೆ ಅದನ್ನು ಊಹಿಸಿಕೊಳ್ಳಬಹುದು. ವಾಹನ ಒಂದೇ ವೇಗದಲ್ಲಿ ಓಡತೊಡಗಿದಾಗ ಒಳಗಿನ ಸಣ್ಣ ಕ್ಲಚ್ ಒಂದು ಎರಡನ್ನೂ ಬಂಧಿಸುತ್ತದೆ. ಆ ಕ್ಲಚ್ ಸವೆದಾಗ ಅಥವಾ ಎಣ್ಣೆ ಹಳತಾದಾಗ ಹಿಡಿದು ಬಿಟ್ಟು ಮಾಡುತ್ತದೆ. 50ರಿಂದ 80 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿದಾಗ, ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಓಡಿದಂತೆ ಒಂದೆರಡು ಸೆಕೆಂಡು ನಡುಗಿ ನಿಲ್ಲುತ್ತದೆ. ಟೈರು ತಪ್ಪು ಮಾಡಿದೆಯೆಂದು ನಾಲ್ಕೂ ಟೈರು ಬದಲಿಸಿದವರಿದ್ದಾರೆ. ಹಿಂದೆ ವಾಹನವಿಲ್ಲದ ಖಾಲಿ ರಸ್ತೆಯಲ್ಲಿ, ನಡುಕ ಬಂದ ಕ್ಷಣವೇ ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿರಿ. ಬ್ರೇಕ್ ಮುಟ್ಟಿದೊಡನೆ ಆ ಒಳಕ್ಲಚ್ ತಾನಾಗಿ ಬಿಡುತ್ತದೆ. ನಡುಕವೂ ತಟ್ಟನೆ ನಿಂತರೆ ಟೈರಿನದು ತಪ್ಪಲ್ಲ. ಗೇರ್ ಎಣ್ಣೆಯ ಬಣ್ಣ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದೆಯೇ ನೋಡಿಸಿ, ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿಸಬೇಕು. ಬೇರೆ ಎಣ್ಣೆ ಇದಕ್ಕೆ ಆಗುವುದಿಲ್ಲ.

ನಡುಕವನ್ನು ಸಹಿಸಿಕೊಂಡು ಓಡಿಸಬಹುದೇ?

ಎರಡು ಕಾರಣಗಳಿಂದ ಕೂಡದು. ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ 4ರಿಂದ 8 ಸಲ ಬರುವ ಮೇಲೆ ಕೆಳಗಿನ ಕುಲುಕಾಟಕ್ಕೆ ಅತಿ ಹೆಚ್ಚಾಗಿ ಸೊರಗುತ್ತದೆ. ಟ್ರ್ಯಾಕ್ಟರ್ ಸೀಟಿನ ಕುಲುಕಾಟ ಬಹುಪಾಲು ಇದರ ಆಸುಪಾಸಿನಲ್ಲಿಯೇ ಇರುತ್ತದೆ. ಡ್ರೈವರುಗಳ ಸೊಂಟನೋವಿಗೆ ಇದೂ ಒಂದು ಕಾರಣ.

ಎರಡನೆಯದು ಇದಕ್ಕಿಂತ ಭೀಕರ. ಸವೆದ ಕ್ರಾಸ್ ಒಡೆದಾಗ ಶಾಫ್ಟಿನ ಒಂದು ತುದಿ ಬಿಡಿಯಾಗಿ, ಸೆಕೆಂಡಿಗೆ 9 ಸುತ್ತಿನಲ್ಲಿ ಒನಕೆಯಂತೆ ಬೀಸುತ್ತದೆ. ಒಡೆಯದಿದ್ದರೂ ಅಪಾಯ ಇದೆ. ನಡುಕ ಎಲ್ಲಿಂದ ಬರುತ್ತಿದೆ ಎಂದು ಬಗ್ಗಿ ನೋಡಲು ಹೋದ ಆಳಿನ ಹೆಗಲ ಮೇಲಿನ ಟವೆಲ್ ಹೊದಿಕೆಯಿಲ್ಲದ ಶಾಫ್ಟಿಗೆ ಸುತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಟವೆಲ್ ಹಳೆಯದಾಗಿದ್ದುದರಿಂದ ಹರಿಯಿತು, ಅವನು ಉಳಿದ. ಅಂಚು ಗಟ್ಟಿಯಾದ ಪಂಚೆಯಾಗಿದ್ದರೆ ಏನಾಗುತ್ತಿತ್ತೋ. ಪಿ.ಟಿ.ಓ. ತಿರುಗುವಾಗ ಗಾಡಿಯ ಹಿಂದೆ ಯಾರೂ ಇರಕೂಡದು. ಪ್ಲಾಸ್ಟಿಕ್ ಹೊದಿಕೆ ಒಡೆದಿದ್ದರೆ ಹಂಗಾಮು ಶುರುವಾಗುವ ಮೊದಲೇ ಹಾಕಿಸಿಕೊಳ್ಳಬೇಕು.

ಮೆಕ್ಯಾನಿಕ್ಕನ ಬಳಿ ಹೋಗುವಾಗ “ಗಾಡಿ ನಡುಗುತ್ತದೆ” ಎಂದಷ್ಟೇ ಹೇಳದೆ, ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಲಿವರ್ ಹಾಕಿದಾಗಲೋ ತೆಗೆದಾಗಲೋ, ರೋಟಾವೇಟರ್ ಎತ್ತಿದಾಗಲೋ ಇಳಿಸಿದಾಗಲೋ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಲೇಸು. ವಿಸ್ತರಣಾ ಕಾರ್ಯಕರ್ತರು ಹಂಗಾಮಿಗೆ ಮುಂಚೆ ಹಳ್ಳಿಯಲ್ಲಿ ಒಂದು ಶಾಫ್ಟನ್ನು ಬಿಚ್ಚಿ ಜೋಡಿಸಿ ತೋರಿಸಿದರೆ ಈ ಲೇಖನ ಓದಿಸುವುದಕ್ಕಿಂತ ಹೆಚ್ಚು ಉಪಯೋಗವಾದೀತು.

ಆ ಹಿರಿಯರು ಅಂದು ಸಂಜೆ ಶಾಫ್ಟ್ ಸೇರಿಸಿದ ಮೇಲೆ ಎರಡೂ ಕೊಳವೆಗಳ ಮೇಲೆ ಹಾದುಹೋಗುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದರು. ಇನ್ನು ಮುಂದೆ ಯಾರು ಬಿಚ್ಚಿದರೂ ಗೆರೆಗೆ ಗೆರೆ ಕೂಡಿಸಿದರೆ ಸಾಕು. ಮರುದಿನ ಕೆಸರು ಮುಗಿದು ನಾಟಿಯಾಗುವಾಗ ಸಸಿಗೆ 30 ದಿನವಾಗಿತ್ತು. ವಯಸ್ಸು ಮೀರಿದ ಸಸಿಯಾದ್ದರಿಂದ ಗುಣಿಗೆ ಎರಡು ಮೂರರ ಬದಲು ನಾಲ್ಕು ಸಸಿ ಇಟ್ಟು, ಅಂತರವನ್ನು ತುಸು ಕಡಿಮೆ ಮಾಡಿ ನೆಡಿಸಲು ಹೇಳಿದೆ. ಅಷ್ಟು ನನ್ನ ವಿದ್ಯೆ.